ಗಾಳಿ ತಂದ ಪೆಟ್ಟಿಗೆಯ ದನಿ

ಸುಗ್ಗಿ ಮುಗಿದು ಹುಲ್ಲಿನ ಮೆದೆ ಒಟ್ಟಿದ ಮೇಲೆ ನಮ್ಮ ಕಡೆಯ ರಾತ್ರಿಗಳಿಗೆ ಒಂದು ದನಿ ಬರುತ್ತಿತ್ತು. ನಮ್ಮೂರು ಚನ್ನಪಟ್ಟಣ ತಾಲ್ಲೂಕು ಮುಗಿದು ಕನಕಪುರ ತಾಲ್ಲೂಕು ಶುರುವಾಗುವ ಗಡಿಯಲ್ಲಿದೆ. ಹುಡುಗರಾಗಿದ್ದಾಗ ಜಗಲಿಯ ಮೇಲೆ ಈಚಲು ಚಾಪೆ ಹಾಸಿಕೊಂಡು ಮಲಗುತ್ತಿದ್ದೆವು. ಉಂಡಾಗಿ, ದನಗಳಿಗೆ ಹುಲ್ಲು ಹಾಕಿ, ದೊಡ್ಡವರು ಎಲೆಯಡಿಕೆ ಮೆಲ್ಲುತ್ತ ಮಾತು ನಿಲ್ಲಿಸುವ ಹೊತ್ತಿಗೆ ಎಲ್ಲಿಂದಲೋ ಹಾರ್ಮೋನಿಯಂ ಕೇಳಿಸುತ್ತಿತ್ತು. ಮೂರು ಮೈಲಿಯೋ ನಾಲ್ಕು ಮೈಲಿಯೋ ದೂರದ ಯಾವುದೋ ಊರಿನಲ್ಲಿ ಕುರುಕ್ಷೇತ್ರ ನಾಟಕ. ಪಾರ್ಟುದಾರರ ಮಾತು ಅಷ್ಟು ದೂರ ಬರುತ್ತಿರಲಿಲ್ಲ. ತಬಲವೂ ದಾರಿಯಲ್ಲೇ ಕರಗಿಹೋಗುತ್ತಿತ್ತು. ಮೈಕಿನ ಕಹಳೆಯಿಂದ ಹೊರಟ ಪೆಟ್ಟಿಗೆಯ ದನಿ ಮಾತ್ರ ಕೆರೆ ದಾಟಿ, ರಾಗಿಯ ಕೂಳೆ ದಾಟಿ, ಹಿಪ್ಪುನೇರಳೆ ತೋಟದ ಮೇಲೆ ಹಾದು ನಮ್ಮ ಜಗಲಿಗೆ ಬಂದು ಕೂರುತ್ತಿತ್ತು.

ಗಾಳಿ ಈ ಕಡೆಗೆ ಬೀಸಿದರೆ ದನಿ ಉಬ್ಬುತ್ತಿತ್ತು, ಆ ಕಡೆಗೆ ತಿರುಗಿದರೆ ಬತ್ತುತ್ತಿತ್ತು. ಒಂದೇ ಸ್ವರ ಅಲೆಅಲೆಯಾಗಿ, ನಡುಗುತ್ತ, ತೂಗುತ್ತ ಬರುತ್ತಿತ್ತು. ಸುತ್ತಲಿನ ಬಂಡೆಬೆಟ್ಟಗಳಿಗೆ ಬಡಿದು ಬಂದ ಮರುದನಿ ಅದಕ್ಕೆ ಜೊತೆಗೂಡಿದರೆ ಒಂದು ಪೆಟ್ಟಿಗೆ ಎರಡಾಗುತ್ತಿತ್ತು. ನಮ್ಮಜ್ಜ ಕಣ್ಣು ಮುಚ್ಚಿಕೊಂಡೇ, “ಗಾಳಿ ಬಡಗಲಿಂದ ಬತ್ತಾದೆ. ಮಾಗಡಿ ಕಡೆ ಮೇಷ್ಟ್ರು ಕೈಯಿ ಇದು” ಅನ್ನುತ್ತಿದ್ದರು. “ನಿಂಗೆ ಹೆಂಗ್ ಗೊತ್ತಾಯ್ತು ತಾತ?” ಎಂದರೆ, “ಕುಂಟೆ ಹೊಡೆದಿರೋ ಸಾಲು ನೋಡುದ್ರೆ ಯಾರ ಎತ್ತು ಅಂತ ಗೊತ್ತಾಗಕಿಲ್ವಾ ಮಗ, ಹಂಗೇಯ” ಎಂಬ ಉತ್ತರ. ನಿದ್ದೆ ಯಾವಾಗ ಹತ್ತುತ್ತಿತ್ತೋ ತಿಳಿಯದು. ಬೆಳಗಿನ ಜಾವ ಎಚ್ಚರವಾದರೆ ಪೆಟ್ಟಿಗೆ ಇನ್ನೂ ನುಡಿಯುತ್ತಲೇ ಇರುತ್ತಿತ್ತು. ದುರ್ಯೋಧನ ಅಷ್ಟು ಬೇಗ ಸಾಯುವವನಲ್ಲ.

ಈ ದನಿ ನನಗೆ ಮತ್ತೆ ಸಿಕ್ಕಿದ್ದು ಎಷ್ಟೋ ವರ್ಷಗಳ ಮೇಲೆ, ಬಸವನಗುಡಿಯ ಒಂದು ಮನೆಯ ನಡುಮನೆಯಲ್ಲಿ. ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಗೆಳೆಯರೊಬ್ಬರು ಹಳೆಯ ಎಲ್‌ಪಿ ರೆಕಾರ್ಡುಗಳನ್ನು ಮಕ್ಕಳಂತೆ ಸಾಕಿಕೊಂಡಿದ್ದಾರೆ. ಒಂದು ಸಂಜೆ, ಕಾಫಿ ಕೈಗೆ ಕೊಟ್ಟು, “ಮಾತಾಡಬೇಡಿ, ಇದನ್ನ ಕೇಳಿ” ಎಂದು ಒಂದು ತಟ್ಟೆ ಹಾಕಿದರು. ಸೂಜಿ ಕೂತ ಸದ್ದು, ಆಮೇಲೆ ಅವಸರವೇ ಇಲ್ಲದ ಒಂದು ನಡಿಗೆ. ಹೊಲದ ಬದುವಿನ ಮೇಲೆ ಹೆಗಲಿಗೆ ಟವೆಲ್ಲು ಹಾಕಿಕೊಂಡು ಬರುವ ಗಂಡಸಿನ ನಡಿಗೆಯಂಥದ್ದು. ಅದರ ಮೇಲೆ ಪೆಟ್ಟಿಗೆಯ ದನಿ. ದಪ್ಪಗೆ, ಬೆಚ್ಚಗೆ, ತುದಿಯಲ್ಲಿ ಚೂರು ಸೀದ ವಾಸನೆ ಇದ್ದಂತೆ. ಕೆಲವು ನಿಮಿಷ ಕಳೆದಿರಬೇಕು, ಒಂದು ಸ್ವರವನ್ನು ಬಿಡದೆ ಹಿಡಿದುಕೊಂಡು ನಡುಗಿಸಿದರು ನೋಡಿ, ಬಡಗಲ ಗಾಳಿ ಬೀಸಿತು. ನಾನು ಕಾಫಿ ಲೋಟ ಕೆಳಗಿಟ್ಟೆ.

ರೆಕಾರ್ಡಿನ ಹೆಸರು ‘ಬ್ಯಾಕ್ ಅಟ್ ದಿ ಚಿಕನ್ ಶ್ಯಾಕ್’. ನುಡಿಸಿದವರು ಜಿಮ್ಮಿ ಸ್ಮಿತ್, ಅಮೆರಿಕದ ಪೆನ್ಸಿಲ್ವೇನಿಯಾ ಸೀಮೆಯ ನಾರಿಸ್‌ಟೌನಿನವರು. ವಾದ್ಯ ಹ್ಯಾಮಂಡ್ ಆರ್ಗನ್. ರಟ್ಟಿನ ಹೊದಿಕೆಯ ಮೇಲೆ ಕೋಳಿಗೂಡಿನ ಮುಂದೆ ಕುಕ್ಕುರುಗಾಲಲ್ಲಿ ಕೂತ ಸ್ಮಿತ್, ಜೊತೆಗೊಂದು ನಾಯಿ, ಒಂದು ಹುಂಜ. ನಮ್ಮ ಹಿತ್ತಲಿನಲ್ಲಿ ತೆಗೆದ ಫೋಟೋ ಎಂದರೂ ನಂಬುವ ಹಾಗಿದೆ. ಹಿಂಬದಿ ತಿರುಗಿಸಿದರೆ ಯಾರು ಯಾವ ವಾದ್ಯ ನುಡಿಸಿದರು ಎಂಬುದೆಲ್ಲ ಅಚ್ಚಾಗಿದೆ. ಟೆನರ್ ಸ್ಯಾಕ್ಸೋಫೋನಿಗೆ ಸ್ಟ್ಯಾನ್ಲಿ ಟರೆಂಟೈನ್, ಗಿಟಾರಿಗೆ ಕೆನ್ನಿ ಬರೆಲ್, ಡ್ರಮ್ಸಿಗೆ ಡೊನಾಲ್ಡ್ ಬೇಲಿ. 1960ರ ಏಪ್ರಿಲ್ 25ರಂದು ನ್ಯೂಜೆರ್ಸಿಯ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ರೂಡಿ ವ್ಯಾನ್ ಗೆಲ್ಡರ್ ಎಂಬ ಧ್ವನಿಗಾರನ ಸ್ಟುಡಿಯೋದಲ್ಲಿ ನುಡಿಸಿದ್ದು. ಬ್ಲೂ ನೋಟ್ ಕಂಪನಿ 1963ರಲ್ಲಿ ಹೊರತಂದಿತು. ಅದೇ ದಿನ ನುಡಿಸಿದ್ದರಲ್ಲಿ ಇನ್ನೊಂದು ಪೂರ್ತಿ ರೆಕಾರ್ಡೂ ಆಯಿತು, ‘ಮಿಡ್‌ನೈಟ್ ಸ್ಪೆಷಲ್’ ಎಂದು. ಒಂದು ದಿನ, ನಾಲ್ಕು ಜನ, ಎರಡು ರೆಕಾರ್ಡು. ಈ ಲೆಕ್ಕವನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು, ಆಮೇಲೆ ಬೇಕಾಗುತ್ತದೆ.

ಗಾಳಿಯೇ ಇಲ್ಲದ ವಾದ್ಯದಲ್ಲಿ ಗಾಳಿ ಬೀಸಿದ್ದು ಹೇಗೆ ಎಂದು ಗೆಳೆಯರನ್ನು ಕೇಳಿದೆ. ಗಡಿಯಾರದ ಮನುಷ್ಯನಿಗೆ ಇದಕ್ಕಿಂತ ಖುಷಿಯ ಪ್ರಶ್ನೆ ಇನ್ನೊಂದಿರಲಿಲ್ಲ. ಲಾರೆನ್ಸ್ ಹ್ಯಾಮಂಡ್ ಕೂಡ ಮೂಲದಲ್ಲಿ ಗಡಿಯಾರದವರೇ. ವಿದ್ಯುತ್ತಿನ ಮಿಡಿತಕ್ಕೆ ತಾಳ ತಪ್ಪದೆ ತಿರುಗುವ ಮೋಟಾರನ್ನು ಗಡಿಯಾರಕ್ಕೆ ಕೂಡಿಸಿ ಮಾರುತ್ತಿದ್ದವರು, 1930ರ ದಶಕದ ನಡುವೆ ಅದೇ ಮೋಟಾರಿನಿಂದ ಆರ್ಗನ್ ಮಾಡಿದರು. ಒಳಗೆ ಹಲ್ಲುಳ್ಳ ಪುಟ್ಟ ಉಕ್ಕಿನ ಗಾಲಿಗಳು, ಒಟ್ಟು 91. ಪ್ರತಿಯೊಂದರ ಎದುರಿಗೂ ಸುರುಳಿ ತಂತಿ ಸುತ್ತಿದ ಒಂದು ಅಯಸ್ಕಾಂತ. ಗಾಲಿ ತಿರುಗಿ ಹಲ್ಲುಗಳು ಅಯಸ್ಕಾಂತದ ಮುಂದೆ ಹಾದುಹೋದ ಹಾಗೆಲ್ಲ ತಂತಿಯಲ್ಲಿ ಕಂಪನ ಹುಟ್ಟುತ್ತದೆ. ಬೇಗ ಹಾದರೆ ಮೇಲಿನ ಸ್ವರ, ನಿಧಾನ ಹಾದರೆ ಕೆಳಗಿನ ಸ್ವರ. ಇದಿಷ್ಟೂ ಹುಟ್ಟಿಸುವುದು ಬೋಳು ದನಿಯನ್ನು. ಅದಕ್ಕೆ ಜೀವ ಬರುವುದು ಡೊನಾಲ್ಡ್ ಲೆಸ್ಲಿ ಮಾಡಿದ ಇನ್ನೊಂದು ಪೆಟ್ಟಿಗೆಯಿಂದ. ಆ ಧ್ವನಿಪೆಟ್ಟಿಗೆಯ ಒಳಗೆ ಕಹಳೆಯೇ ಗಿರಗಿರನೆ ತಿರುಗುತ್ತದೆ. ಕಹಳೆಯ ಬಾಯಿ ನಮ್ಮ ಕಡೆ ಬಂದಾಗ ದನಿ ಏರುತ್ತದೆ, ಆಚೆ ಹೋದಾಗ ಇಳಿಯುತ್ತದೆ. ನಿಲ್ದಾಣದಲ್ಲಿ ನಿಲ್ಲದೆ ಹೋಗುವ ರೈಲಿನ ಕೂಗು ಹತ್ತಿರ ಬರುವಾಗ ಒಂದು ಥರ, ದಾಟಿದ ಮೇಲೆ ಒಂದು ಥರ ಕೇಳಿಸುತ್ತದಲ್ಲ, ಅದೇ.

ನಾಲ್ಕು ಮೈಲಿಯ ಬಯಲು, ದಿಕ್ಕು ಬದಲಿಸುವ ಗಾಳಿ, ಬೆಟ್ಟದ ಮರುದನಿ, ಇಷ್ಟನ್ನೂ ಆ ಮನುಷ್ಯ ಮರದ ಬೀರುವಿನೊಳಗೆ ತುಂಬಿದ್ದರು.

ತಿರುಗುವ ಗಾಲಿಯಿಂದ ಬದುಕು ಮಾಡಿಕೊಂಡವರು ನಾವು. ಚನ್ನಪಟ್ಟಣದಲ್ಲಿ ಆಲೆಮರದ ತುಂಡು ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿ ಬಣ್ಣ ಹತ್ತಿಸಿ, ತಾಳೆಗರಿಯಿಂದ ತೀಡಿ ಹೊಳಪು ಕೊಡುತ್ತಾರೆ. ರಾಮನಗರದಲ್ಲಿ ಬಿಸಿನೀರಿನ ತೊಟ್ಟಿಯಿಂದ ಗೂಡಿನ ಎಳೆ ಎದ್ದು ರಾಟೆಗೆ ಸುತ್ತಿಕೊಳ್ಳುತ್ತದೆ. ಎರಡು ಕಡೆಯೂ ಕೈಯ ಕಸುಬು ಇರುವುದು ತಿರುಗುವುದರ ಮೇಲೆ ಎಷ್ಟು ಒತ್ತಬೇಕು, ಎಲ್ಲಿ ಬಿಡಬೇಕು ಎಂಬ ಹದದಲ್ಲಿ. ಸಂಗೀತಕ್ಕೂ ಚನ್ನಪಟ್ಟಣಕ್ಕೂ ಹಳೆಯ ನಂಟೊಂದಿದೆ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಈ ಸೀಮೆಯಲ್ಲೆಲ್ಲ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಇಲ್ಲಿ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ ಎಳೆಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಆ ತಂತಿ ದೂರದೂರದ ಊರುಗಳಿಗೆ ಹೋಗುತ್ತಿತ್ತಂತೆ. ಬೊಂಬೆಯ ಪಟ್ಟಣ ಎಂದು ಕರೆಸಿಕೊಳ್ಳುವ ಮುಂಚೆಯೇ ಅದು ತಂತಿಯ ಪಟ್ಟಣವಾಗಿತ್ತು. ಯಾರದೋ ವೀಣೆಯ ಮೇಲೆ ನಮ್ಮೂರ ಉಕ್ಕು ಮಿಡಿದಿದೆ ಎಂದುಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಪೆಟ್ಟಿಗೆಗೆ ಬರುತ್ತೇನೆ. ಹ್ಯಾಮಂಡ್ ಆರ್ಗನ್, ನಮ್ಮ ಹಾರ್ಮೋನಿಯಂ, ಇವೆರಡೂ ಒಬ್ಬ ತಾತನ ಮೊಮ್ಮಕ್ಕಳು. ತಾತ ಎಂದರೆ ಯೂರೋಪಿನ ಇಗರ್ಜಿಗಳಲ್ಲಿ ಗೋಡೆಯಷ್ಟು ಎತ್ತರಕ್ಕೆ ಕೊಳವೆ ನಿಲ್ಲಿಸಿಕೊಂಡಿದ್ದ ಆರ್ಗನ್. ಅಷ್ಟು ದೊಡ್ಡದನ್ನು ಕೊಳ್ಳಲಾಗದವರಿಗೆಂದು 1840ರ ದಶಕದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ಡೆಬೆನ್ ಹಾರ್ಮೋನಿಯಂಗೆ ಹಕ್ಕುಪತ್ರ ಪಡೆದ. ಕಾಲಲ್ಲಿ ತಿದಿ ಒತ್ತುವುದು, ಹಿತ್ತಾಳೆಯ ನಾಲಗೆಗಳು ಗಾಳಿಗೆ ಅದುರಿ ನುಡಿಯುವುದು. ಪಾದ್ರಿಗಳ ಜೊತೆ ಹಡಗು ಹತ್ತಿ ನಮ್ಮ ದೇಶಕ್ಕೆ ಬಂತು. ಕಲ್ಕತ್ತೆಯ ದ್ವಾರಕಾನಾಥ ಘೋಷ್ ಕಾಲು ಕತ್ತರಿಸಿ, ನೆಲದ ಮೇಲೆ ಕೂತು ಒಂದು ಕೈಯಲ್ಲಿ ಗಾಳಿ ಹಾಕುತ್ತ ನುಡಿಸುವ ಹಾಗೆ ಮಾಡಿದರು. ಭಜನೆ ಮನೆಗೆ ಅದು ಬಂತು. ನಾಟಕ ಮಾತ್ರ ಕಾಲಿನದನ್ನೇ ಇಟ್ಟುಕೊಂಡಿತು. ಲೆಗ್ ಹಾರ್ಮೋನಿಯಂನಲ್ಲಿ ಎರಡು ಕೈಯೂ ಸ್ವರದ ಮನೆಗಳ ಮೇಲಿರುತ್ತವೆ, ದನಿಯೂ ಎತ್ತರ. ಸಾವಿರ ಜನರ ಮುಂದೆ ರಾತ್ರಿಯಿಡೀ ನಿಲ್ಲಬೇಕಾದ ವಾದ್ಯಕ್ಕೆ ಅದು ಬೇಕೇಬೇಕು. ಗುಬ್ಬಿ ಕಂಪನಿಯಂಥ ವೃತ್ತಿ ನಾಟಕ ಮಂಡಳಿಗಳು ಊರೂರಿಗೆ ಅದನ್ನು ಕೊಂಡೊಯ್ದವು. ಕಂಪನಿಗಳು ಕರಗಿದ ಮೇಲೆ ಅವರ ಮಟ್ಟುಗಳೂ ಪೆಟ್ಟಿಗೆಯೂ ಹಳೆ ಮೈಸೂರಿನ ಹಳ್ಳಿಗಳಲ್ಲಿ ಉಳಿದುಕೊಂಡವು.

ಇಬ್ಬರು ಮೊಮ್ಮಕ್ಕಳೂ ದೊಡ್ಡವರ ಮುಂದೆ ಕೈಕಟ್ಟಿ ನಿಂತವರೇ. ಹ್ಯಾಮಂಡ್ ಕಂಪನಿ ತನ್ನ ವಾದ್ಯ ಕೊಳವೆಯ ಆರ್ಗನಿಗೆ ಸಮ ಎಂದು ಜಾಹೀರಾತು ಕೊಟ್ಟಾಗ ಅಮೆರಿಕ ಸರ್ಕಾರದ ವ್ಯಾಪಾರ ಆಯೋಗ ತಕರಾರು ತೆಗೆಯಿತು. 1937ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಚಾಪೆಲ್‌ನಲ್ಲಿ ಎರಡೂ ವಾದ್ಯಗಳನ್ನು ಮರೆಯಿಂದ ನುಡಿಸಿ, ಕೇಳುಗರು ಗುರುತಿಸುತ್ತಾರೋ ಇಲ್ಲವೋ ಎಂದು ಪರೀಕ್ಷೆ ಮಾಡಿದರು. ನಮ್ಮಲ್ಲಿ ಹಾರ್ಮೋನಿಯಂಗೆ ಅಂಥ ಪರೀಕ್ಷೆಯೂ ಸಿಗಲಿಲ್ಲ. 1940ರ ಮಾರ್ಚ್ 1ರಿಂದ ಆಕಾಶವಾಣಿ ಅದನ್ನು ಬಾಗಿಲಾಚೆ ಇಟ್ಟಿತು. ಗಮಕ ಬಾರದ ವಾದ್ಯ, ಸ್ವರದಿಂದ ಸ್ವರಕ್ಕೆ ಜಾರಲಾರದ ವಾದ್ಯ, ಪರದೇಶದ ಶ್ರುತಿ ಎಂಬುದು ಅದರ ಮೇಲಿದ್ದ ದೂರು. ಬಾಗಿಲು ತುಸು ತೆರೆದದ್ದು 1971ರಲ್ಲಿ. ಆ 31 ವರ್ಷವೂ ನಮ್ಮ ಹಳ್ಳಿಗಳಲ್ಲಿ ಪ್ರತಿ ಸುಗ್ಗಿಯ ಮೇಲೆ ಪೆಟ್ಟಿಗೆ ನುಡಿದಿದೆ. ಶಾಸ್ತ್ರದ ದೂರಿನಲ್ಲಿ ಸತ್ಯವಿದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಒಬ್ಬ ಒಳ್ಳೆಯ ಮೇಷ್ಟ್ರು ಒಂದು ಮನೆಯಿಂದ ಇನ್ನೊಂದಕ್ಕೆ ಬೆರಳು ಜಾರಿಸುವಾಗ ನಡುವಿನ ಮನೆಯನ್ನು ಮುಟ್ಟಿಯೂ ಮುಟ್ಟದ ಹಾಗೆ ಹೊರಳಿಸುವುದನ್ನು ಕೇಳಿದವರು, ಇಲ್ಲದ ಗಮಕವನ್ನು ಕೇಳಿಯೇ ಕೇಳಿರುತ್ತಾರೆ. ಸ್ಮಿತ್ ಮಾಡುವುದೂ ಅದನ್ನೇ. ಹ್ಯಾಮಂಡಿನ ಕೀಲಿ ಒತ್ತಿದಾಗ ಟಿಕ್ ಎಂಬ ಸಣ್ಣ ಸದ್ದು ಬರುತ್ತದೆ. ತಯಾರಿಸಿದವರು ಅದನ್ನು ದೋಷ ಎಂದುಕೊಂಡಿದ್ದರು. ಜಾಸ್‌ನವರು ಅದನ್ನೇ ಒಗ್ಗರಣೆಯ ಸಾಸಿವೆ ಸಿಡಿದಂತೆ ಬಳಸಿಕೊಂಡರು.

ನನ್ನ ಸೋದರಮಾವ ವಿದುರನ ಪಾರ್ಟು ಮಾಡುತ್ತಿದ್ದರು. ಹಗಲು ರೇಷ್ಮೆ ಸಾಕಣೆ, ರಾತ್ರಿ ಪ್ರಾಕ್ಟೀಸು. ಊರಿನವರೆಲ್ಲ ಕೂಡಿ ಮೇಷ್ಟ್ರನ್ನು ಗೊತ್ತು ಮಾಡುತ್ತಿದ್ದರು. ಮೂರು ತಿಂಗಳು ಅವರಿಗೆ ಸರದಿಯ ಮೇಲೆ ಮನೆಮನೆಯಲ್ಲಿ ಊಟ, ರಾಮಮಂದಿರದಲ್ಲಿ ವಾಸ. ನಾಟಕದ ಮೇಷ್ಟ್ರು ಎಂದರೆ ಸಂಗೀತ ಒಂದನ್ನೇ ಕಲಿಸುವವರಲ್ಲ. ಓದು ಬಾರದವನಿಗೆ ಮಾತು ಬಾಯಿಪಾಠ ಮಾಡಿಸಬೇಕು, ಗದೆ ಹಿಡಿದವನಿಗೆ ನಡಿಗೆ ಕಲಿಸಬೇಕು, ಕೃಷ್ಣನ ಪಾರ್ಟು ಯಾರಿಗೆ ಎಂಬ ಜಗಳ ಬಿಡಿಸಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಒಬ್ಬೊಬ್ಬರ ಗಂಟಲು ಎಲ್ಲಿಯವರೆಗೆ ಹೋಗುತ್ತದೆ, ಎಲ್ಲಿ ಮುರಿಯುತ್ತದೆ ಎಂಬುದನ್ನು ವೈದ್ಯನ ಹಾಗೆ ತಿಳಿದಿರಬೇಕು. ಪ್ರಾಕ್ಟೀಸಿನ ಲಾಂದ್ರದ ಬೆಳಕಿನಲ್ಲಿ ನಾನು ಪೆಟ್ಟಿಗೆಯ ಮಗ್ಗುಲಲ್ಲೇ ಕೂರುತ್ತಿದ್ದೆ. ಅಲ್ಲಿ ಕೂತರೆ ಮುಖ ಕಾಣುವುದಿಲ್ಲ, ಕಾಲು ಕಾಣುತ್ತದೆ. ಬರಿಗಾಲು, ಹಿಮ್ಮಡಿ ಒಡೆದ ರೈತನ ಕಾಲೇ, ಒಂದಾದ ಮೇಲೊಂದು ಏರುತ್ತ ಇಳಿಯುತ್ತ, ಕಪಿಲೆ ಎತ್ತುಗಳ ಹಾಗೆ ಸಮನಾಗಿ ನಡೆಯುತ್ತಿದ್ದವು. ಶೋಕದ ಹಾಡಿಗೆ ಮೆಲ್ಲಗೆ. ಭೀಮ ತೊಡೆ ತಟ್ಟಿದನೆಂದರೆ ದಡದಡ. ಆಗ ಪೆಟ್ಟಿಗೆಯ ಕಾಲೂ ಅಲುಗಾಡಿ ನೆಲದ ಮಣ್ಣು ಏಳುತ್ತಿತ್ತು.

ನಾಟಕದ ದಿನ ಮಾವನಿಗೆ ಗಂಟಲು ಕಟ್ಟಿತು. ಮೂರು ರಾತ್ರಿ ನಿದ್ದೆಗೆಟ್ಟಿದ್ದರು, ಹುಳು ಹಣ್ಣಾಗುವ ಕಾಲ ಬೇರೆ. ಮುಖಕ್ಕೆ ಬಣ್ಣ ಹಚ್ಚಿಸಿಕೊಂಡು, ಬಿಳಿಗಡ್ಡ ಕಟ್ಟಿಕೊಂಡು, ಪರದೆಯ ಸಂದಿಯಿಂದ ಮೇಷ್ಟ್ರ ಹತ್ತಿರ ಬಂದು ಬಗ್ಗಿ ಪಿಸುಗುಟ್ಟಿದರು.

“ಮೇಷ್ಟ್ರೇ, ಗಂಟ್ಲು ಕಟ್ಕಂಡದೆ. ಮೇಲಕ್ಕೆ ಹೋಯ್ತಾ ಇಲ್ಲ.”

“ನೀವ್ ಬಾಯ್ ಬುಡಿ ಗೌಡ್ರೇ. ಮಿಕ್ಕಿದ್ದ ನಾ ನೋಡ್ಕತೀನಿ.”

ಕೃಷ್ಣ ವಿದುರನ ಮನೆಗೆ ಬರುವ ಸೀನು. ನಾನು ಅಂದೂ ಮಗ್ಗುಲಲ್ಲೇ ಇದ್ದೆ. ಮಾವ ರಂಗದ ಮೇಲೆ ಬರುವ ಮುಂಚೆಯೇ ಮೇಷ್ಟ್ರ ಕೈ ಎರಡು ಮನೆ ಕೆಳಗೆ ಸರಿಯಿತು. ಹಾಡಿನ ಮುನ್ನುಡಿಯನ್ನು ವಾಡಿಕೆಗಿಂತ ಉದ್ದ ಎಳೆದರು. ಮಾವನ ಕಿವಿಗೆ ಹೊಸ ಶ್ರುತಿ ಹತ್ತಲಿ ಎಂದು. ಕಂದಪದ್ಯ ಶುರುವಾಯಿತು. ಮಾವನ ದನಿ ಒಣಗಿದ ತೆಂಗಿನ ಗರಿಯ ಹಾಗಿತ್ತು. ಮೇಷ್ಟ್ರು ಅದರ ಅಡಿಗೇ ದನಿಯನ್ನು ಹಾಸುತ್ತ ಹೋದರು. ಎಲ್ಲಿ ಮಾವ ಉಸಿರು ತೆಗೆದುಕೊಂಡರೋ ಅಲ್ಲಿ ಪೆಟ್ಟಿಗೆ ತುಂಬಿತು. ಮಾವ ಮತ್ತೆ ಎದ್ದರೆ ಇದು ಬಗ್ಗಿತು. ಕೊನೆಯ ಸಾಲಿನಲ್ಲಿ ಮೇಲಿನ ಸ್ವರಕ್ಕೆ ಹಾರಲೇಬೇಕು. ಮಾವ ಬಾಯಿ ತೆರೆದರು, ಕೈ ಮೇಲೆತ್ತಿದರು. ಆ ಕ್ಷಣದಲ್ಲಿ ಮೇಷ್ಟ್ರ ಎರಡು ಕಾಲೂ ಒಟ್ಟಿಗೆ ನೆಲಕ್ಕೆ ಒತ್ತಿದವು. ಪೆಟ್ಟಿಗೆ ಆ ಸ್ವರವನ್ನು ಎತ್ತಿ ಹಿಡಿದು ನಿಲ್ಲಿಸಿತು, ಉಸಿರು ಮುಗಿಯುವವರೆಗೆ ಬಿಡಲೇ ಇಲ್ಲ. ಜನಕ್ಕೆ ಕಂಡದ್ದು ಕೈ ಎತ್ತಿ ನಿಂತ ವಿದುರ, ಕೇಳಿಸಿದ್ದು ಮುಗಿಲಿಗೆ ಮುಟ್ಟಿದ ಸ್ವರ. ಶಿಳ್ಳೆ ಬಿತ್ತು, ಒನ್ಸ್ ಮೋರ್ ಬಿತ್ತು. ಬೀಗರೊಬ್ಬರು ರಂಗದ ಮೇಲೆ ಹತ್ತಿ ಮಾವನ ಎದೆಗೆ ನೋಟು ಚುಚ್ಚಿ ಹಾರ ಹಾಕಿದರು. ಮೇಷ್ಟ್ರು ಎಡಗೈಯಲ್ಲಿ ಶ್ರುತಿ ಹಿಡಿದುಕೊಂಡೇ ಬಲಗೈಯಿಂದ ಟವೆಲ್ಲು ತೆಗೆದು ಹಣೆ ಒರೆಸಿಕೊಂಡರು.

ಆ ಸ್ವರವನ್ನು ತಾವೇ ಮುಟ್ಟಿದೆ ಎಂದು ಮಾವ ಕೊನೆಯವರೆಗೂ ನಂಬಿದ್ದರು. ಅದನ್ನು ಹೇಳುವಾಗ ಅವರ ಮುಖದಲ್ಲಿ ಬರುತ್ತಿದ್ದ ಬೆಳಕನ್ನು ನೋಡಿದವರು ಯಾರೂ ಅದನ್ನು ಆರಿಸುವ ಮನಸ್ಸು ಮಾಡುತ್ತಿರಲಿಲ್ಲ.

ಚಿಕನ್ ಶ್ಯಾಕ್ ರೆಕಾರ್ಡನ್ನು ನಾನು ಈಗ ನೂರಾರು ಸಲ ಕೇಳಿದ್ದೇನೆ. ಫೋನಿಗೆ ಹಾಕಿಕೊಂಡು, ಬೆಂಗಳೂರಿನಿಂದ ಊರಿಗೆ ಹೋಗುವಾಗ ಹಳೆಯ ಮೈಸೂರು ರಸ್ತೆಯಲ್ಲೇ ಹೋಗುತ್ತೇನೆ. ಬಿಡದಿಯಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸುವುದಕ್ಕೂ ಆಯಿತು, ಹಾಡಿಗೂ ಆಯಿತು. ಪ್ರತಿ ಸಲವೂ ನನ್ನ ಕಿವಿ ಹೋಗುವುದು ಅಡಿಗೆ. ಈ ರೆಕಾರ್ಡಿನಲ್ಲಿ ಮಂದ್ರದ ತಂತಿವಾದ್ಯ ಮೀಟುವವರು ಯಾರೂ ಇಲ್ಲ. ಜಾಸ್ ಮೇಳದಲ್ಲಿ ಆಳೆತ್ತರದ ಬೇಸ್ ಪಿಟೀಲು ಹಿಡಿದು ನಿಲ್ಲುವ ಒಬ್ಬರು ಇರಲೇಬೇಕು, ನಮ್ಮಲ್ಲಿ ಮೃದಂಗ ಇರುವಂತೆ. ಸ್ಮಿತ್ ಆ ಕೆಲಸವನ್ನು ತಮ್ಮ ಎಡಗೈಗೂ ಎಡಗಾಲಿಗೂ ಹಂಚಿಕೊಟ್ಟಿದ್ದಾರೆ. ಹ್ಯಾಮಂಡಿನ ಅಡಿಯಲ್ಲಿ ಕಾಲಿನಿಂದ ಒತ್ತುವ 25 ಮರದ ಪಟ್ಟಿಗಳಿವೆ. ಬಲಗಾಲು ಇನ್ನೊಂದು ಪೆಡಲಿನ ಮೇಲಿದ್ದು ದನಿಯನ್ನು ಏರಿಸುತ್ತ ಇಳಿಸುತ್ತ ಇರುತ್ತದೆ. ಮೇಲೆ ಬಲಗೈ ಹಾಡುತ್ತದೆ. ಹೀಗೆ ಕೈಕಾಲು ನಾಲ್ಕಕ್ಕೂ ಬೇರೆ ಬೇರೆ ಕೆಲಸ. ಇದನ್ನು ಕಲಿಯುವುದಕ್ಕೆಂದೇ ಅವರು ಫಿಲಡೆಲ್ಫಿಯಾದ ಒಂದು ಗೋದಾಮಿನಲ್ಲಿ ಆರ್ಗನ್ ಇಟ್ಟುಕೊಂಡು, ಜನರ ಕಣ್ಣಿಗೆ ಬೀಳದೆ ಸಾಧನೆ ಮಾಡಿದರು. ಆಮೇಲೆ 1956ರ ಹೊತ್ತಿಗೆ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ನುಡಿಸಿದಾಗ ಬ್ಲೂ ನೋಟ್ ಕಂಪನಿಯ ಆಲ್ಫ್ರೆಡ್ ಲಯನ್ ಕೇಳಿ ಬೆರಗಾಗಿ ಕರೆದುಕೊಂಡು ಹೋದರು. ಪೀಠ, ಪೆಡಲು ಎಲ್ಲ ಸೇರಿ ಹ್ಯಾಮಂಡಿನ ತೂಕ ಸುಮಾರು 190 ಕಿಲೋ. ಊರೂರಿಗೆ ಸಾಗಿಸಲು ಸ್ಮಿತ್ ಹೆಣ ಒಯ್ಯುವ ಗಾಡಿಯನ್ನೇ ಕೊಂಡಿದ್ದರು. ನಮ್ಮ ಮೇಷ್ಟ್ರ ಪೆಟ್ಟಿಗೆ ಎತ್ತಿನ ಗಾಡಿಯ ಹುಲ್ಲಿನ ಮೇಲೆ, ಆಮೇಲಾಮೇಲೆ ಬಸ್ಸಿನ ಟಾಪಿನ ಮೇಲೆ ಬರುತ್ತಿತ್ತು.

ಮೊದಲನೆಯ ಹಾಡು ಬ್ಲೂಸ್. ಹನ್ನೆರಡು ಅಳತೆಯ ಒಂದು ಸುತ್ತು, ಮುಗಿದಲ್ಲಿಗೆ ಮತ್ತೆ ಮೊದಲು. ನಮ್ಮ ಆವರ್ತದ ಹಾಗೆಯೇ, ಮನೆಗೆ ಮರಳುವುದು ಗೊತ್ತಿದ್ದೇ ಅಲೆಯಲು ಹೊರಡುವುದು. ಸುತ್ತು ಎಂಟು ನಿಮಿಷ ನಡೆಯುತ್ತದೆ, ಆ ಕೆಳಗಿನ ನಡಿಗೆ ಒಮ್ಮೆಯೂ ಮುಗ್ಗರಿಸುವುದಿಲ್ಲ. ಟರೆಂಟೈನರ ಸ್ಯಾಕ್ಸೋಫೋನ್ ಬಂದಾಗ ಸ್ಮಿತ್ ಹಿಂದೆ ಸರಿದು ಬರಿಯ ಆಸರೆಯಾಗುತ್ತಾರೆ. ಸ್ಯಾಕ್ಸೋಫೋನ್ ಎಂದರೆ ನಮ್ಮ ಕದ್ರಿ ಗೋಪಾಲನಾಥರ ಕೈಯಲ್ಲಿ ಕರ್ನಾಟಕ ಸಂಗೀತವನ್ನೇ ನುಡಿದ ವಾದ್ಯ. ಅವರದು ಮಿನುಗುವ ದನಿ, ಟರೆಂಟೈನರದು ಎದೆ ತುಂಬ ಹೊಗೆ ತುಂಬಿಕೊಂಡ ದನಿ. ಅವರು ಒಂದು ಮಾತು ಹೇಳಿ ನಿಂತರೆ ಆರ್ಗನ್ ಅಡಿಯಿಂದ ‘ಹೌದು’ ಎನ್ನುತ್ತದೆ. ಹರಿಕಥೆಯಲ್ಲಿ ದಾಸರು ಸಾಲು ಬಿಟ್ಟಾಗ ಸಭೆ ಎತ್ತಿಕೊಳ್ಳುತ್ತದಲ್ಲ, ಹಾಗೆ. ಅಮೆರಿಕದ ಕಪ್ಪು ಜನರ ಇಗರ್ಜಿಗಳಲ್ಲಿ ಪಾದ್ರಿಯ ಮಾತಿಗೆ ಜನ ಕೂಗಿ ಓಗೊಡುವ ವಾಡಿಕೆ. ಕೊಳವೆಯ ಆರ್ಗನ್ ಕೊಳ್ಳಲಾಗದ ಆ ಇಗರ್ಜಿಗಳು ಹ್ಯಾಮಂಡ್ ತಂದವು, ಓಗೊಡುವುದನ್ನು ಅದಕ್ಕೂ ಕಲಿಸಿದವು. ಭಾನುವಾರ ಅಲ್ಲಿ ನುಡಿದ ದನಿ ಶನಿವಾರ ರಾತ್ರಿಯ ಊಟದ ಮನೆಗಳಿಗೂ ಬಂತು. ಸೋಲ್ ಜಾಸ್ ಎಂದು ಇದಕ್ಕೆ ಹೆಸರು. ಆತ್ಮ ಎಂಬ ಶಬ್ದವನ್ನು ಅವರು ಸಂಗೀತಕ್ಕೂ ಇಟ್ಟರು, ಮನೆಯ ಅಡುಗೆಗೂ ಇಟ್ಟರು.

ಎರಡನೆಯದು 1934ರ ಒಂದು ಹಳೆಯ ಮೆಲುಹಾಡು, ಸಿಗ್ಮಂಡ್ ರೋಂಬರ್ಗ್ ರಾಗ ಹಾಕಿದ್ದು. ಸ್ಮಿತ್ ಅದನ್ನು ನಿಂಬೆ ಹಿಂಡಿದಂತೆ ಹಿಂಡುತ್ತಾರೆ. ಮೂರನೆಯದು ಟರೆಂಟೈನ್ ಕಟ್ಟಿದ ‘ಮೈನರ್ ಚಾಂಟ್’. ಕೊನೆಯ ‘ಮೆಸಿ ಬೆಸಿ’ 12 ನಿಮಿಷ ದಾಟುತ್ತದೆ. ನನಗೆ ಹೆಚ್ಚು ಇಷ್ಟ ಅದೇ. ಬೆಳಗಿನ ಜಾವ ಮೂರು ಗಂಟೆಯ ನಾಟಕದ ಹಾಗೆ, ಎಲ್ಲರ ಮೈಯೂ ಬಿಸಿಯಾಗಿ, ಇನ್ನು ಯಾರಿಗೂ ನಿದ್ದೆ ಬೇಡವಾದ ಹೊತ್ತಿನ ಹಾಡು.

ಹೆಸರಿನ ಬಗ್ಗೆಯೂ ಹೇಳಬೇಕು. ಚಿಕನ್ ಶ್ಯಾಕ್ ಎಂದರೆ ರಸ್ತೆ ಬದಿಯ ಕೋಳಿಯೂಟದ ಗುಡಿಸಲು. ಈ ಸಂಗೀತಗಾರರಿಗೆ ಅಡುಗೆಮನೆಯ ಹೆಸರೇ ಪ್ರೀತಿ. ಸ್ಮಿತ್ ಅವರದೇ ಇನ್ನೊಂದು ರೆಕಾರ್ಡು ‘ಹೋಮ್ ಕುಕಿನ್’. ಬುಕರ್ ಟಿ. ಜೋನ್ಸ್ ಆರ್ಗನ್ ನುಡಿಸಿದ 1962ರ ಹಾಡಿನ ಹೆಸರು ಹಸಿರು ಈರುಳ್ಳಿ, ‘ಗ್ರೀನ್ ಆನಿಯನ್ಸ್’. ಕನಕಪುರದ ಕಡೆ ಹಬ್ಬದ ಮಾರನೆಯ ದಿನ ನಾಟಿಕೋಳಿ ಸಾರು ಕುದಿಯುತ್ತಿರುವಾಗ, ಮಸಾಲೆಯ ಮೇಲೆ ಜಿಡ್ಡು ತೇಲಿ ಕೆಂಪಗೆ ಮಿನುಗುವುದನ್ನು ನೋಡಿದವರಿಗೆ ಈ ಆರ್ಗನಿನ ಬಣ್ಣ ವಿವರಿಸಬೇಕಾಗಿಲ್ಲ. ಮುದ್ದೆ ಅಡಿಯ ನಡಿಗೆ, ಸಾರು ಮೇಲಿನ ಹಾಡು. ಎರಡೂ ಕೂಡಿದರೇನೇ ತುತ್ತು.

ರಾಮನಗರದ ಬೆಟ್ಟಗಳ ಪಕ್ಕ ಹಾದಾಗಲೆಲ್ಲ ಆರ್ಗನ್ ಬಳಗದ ಅತಿ ಚಿಕ್ಕ ಮೊಮ್ಮಗು ನೆನಪಾಗುತ್ತದೆ. 1973ರಿಂದ ಇಲ್ಲಿ ‘ಶೋಲೆ’ ಚಿತ್ರೀಕರಣ ನಡೆಯಿತು. ರಾತ್ರಿ ಹೊತ್ತು ಜಗಲಿಯಲ್ಲಿ ಕೂತು ಅಮಿತಾಭ್ ಬಚ್ಚನ್ ನುಡಿಸುವ ಮೌತ್ ಆರ್ಗನ್, ಎದುರು ಮನೆಯಲ್ಲಿ ದೀಪ ಒಂದೊಂದಾಗಿ ಆರಿಸುವ ಜಯಾ. ಆರ್.ಡಿ. ಬರ್ಮನ್ ಅವರ ತಂಡದ ಭಾನು ಗುಪ್ತ ನುಡಿಸಿದ್ದು ಅದು. ಹಿತ್ತಾಳೆಯ ಅದೇ ನಾಲಗೆ, ತಿದಿ ಮಾತ್ರ ಮನುಷ್ಯನ ಎದೆ. ಆ ದನಿ ಮುದ್ರಣವಾದದ್ದು ಮುಂಬೈಯಲ್ಲಿ ಎಂದು ಗೊತ್ತಿದ್ದರೂ ನನಗೆ ಅದು ನಮ್ಮ ಬಂಡೆಗಳದೇ.

ಈಗ ಊರಿನಲ್ಲಿ ನಾಟಕ ನಿಂತಿಲ್ಲ. ಸೀನರಿ ಹಿಂದಿಗಿಂತ ಜೋರು, ದೀಪ ಜೋರು, ಡ್ರೆಸ್ಸು ಜೋರು. ಪೆಟ್ಟಿಗೆಯ ಜಾಗಕ್ಕೆ ಎಷ್ಟೋ ಕಡೆ ಕೀಬೋರ್ಡು ಬಂದಿದೆ. ಅದು ಹಗುರ, ಅದರಲ್ಲಿ ಕೊಳಲೂ ಇದೆ, ಪಿಟೀಲೂ ಇದೆ. ನುಡಿಸುವ ಹುಡುಗರು ಜಾಣರು, ಅವರ ಬಗ್ಗೆ ನನಗೆ ತಕರಾರಿಲ್ಲ. ಹ್ಯಾಮಂಡಿನ ಹೆಸರುವಾಸಿ ಬಿ-3 ಮಾದರಿಯನ್ನೂ 1970ರ ದಶಕದ ನಡುವೆ ಮಾಡುವುದು ಬಿಟ್ಟರು. ವಾದ್ಯಕ್ಕೂ ಆಯಸ್ಸಿದೆ. ಆದರೆ ಹ್ಯಾಮಂಡ್ ನಿಂತ ಮೇಲೂ ಸ್ಮಿತ್ ಉಳಿದರು. 2005ರಲ್ಲಿ ಅವರು ತೀರಿಕೊಂಡ ಮೇಲೂ, 1960ರ ಏಪ್ರಿಲಿನ ಆ ದಿನ ಬಿಡದಿಯ ಇಡ್ಲಿ ಹೋಟೆಲಿನ ಮುಂದೆ ನಿಂತ ನನ್ನ ಕಾರಿನಲ್ಲಿ ನಡೆಯುತ್ತಿರುತ್ತದೆ.

ನಮ್ಮ ಮೇಷ್ಟ್ರದು ಅಷ್ಟೂ ಉಳಿಯಲಿಲ್ಲ. ನಾಟಕದ ಹಾಡುಗಳ ಕ್ಯಾಸೆಟ್ಟುಗಳು ಜಾತ್ರೆಗಳಲ್ಲಿ ಬೇಕಾದಷ್ಟು ಸಿಗುತ್ತಿದ್ದವು. ನಾನು ಕೊಂಡಿದ್ದವುಗಳ ಮೇಲೆ ಕಿರೀಟ ತೊಟ್ಟ ಪಾರ್ಟುದಾರರ ಚಿತ್ರ ಇದೆ, ಹಾಡಿದವರ ಹೆಸರಿದೆ. ಪೆಟ್ಟಿಗೆ ನುಡಿಸಿದವರ ಹೆಸರಿಲ್ಲ. ಸೋದರಮಾವನನ್ನು ಮುಗಿಲಿಗೆ ಎತ್ತಿದ ಆ ಸ್ವರ ನನ್ನ ನೆನಪಿನಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ರಾಮನಗರದ ಹತ್ತಿರ ಎಚ್.ಎಲ್. ನಾಗೇಗೌಡರು 1994ರಲ್ಲಿ ಕಟ್ಟಿ ನಿಲ್ಲಿಸಿದ ಜಾನಪದ ಲೋಕಕ್ಕೆ ಹೋದಾಗಲೆಲ್ಲ, ಗಾಜಿನ ಹಿಂದೆ ಸಾಲಾಗಿಟ್ಟ ವಾದ್ಯಗಳ ಮುಂದೆ ನಿಂತು, ಇವನ್ನು ಹಿಡಿದಿದ್ದ ಕೈಗಳ ದನಿಯೂ ಒಂದೊಂದು ತಟ್ಟೆಯಲ್ಲಿ ಇದ್ದಿದ್ದರೆ ಎಂದುಕೊಳ್ಳುತ್ತೇನೆ.

ಮಾಗಡಿ, ಕನಕಪುರ, ಚನ್ನಪಟ್ಟಣ, ರಾಮನಗರ, ನಾಲ್ಕೂ ಕಡೆ ಲೆಗ್ ಹಾರ್ಮೋನಿಯಂ ನುಡಿಸುವ ಹಿರಿಯ ಮೇಷ್ಟ್ರು ಇನ್ನೂ ಇದ್ದಾರೆ. ನಿಮ್ಮೂರಿನಲ್ಲೇ ಇರಬಹುದು. ಈ ಸಲ ಸುಗ್ಗಿಯ ಮೇಲೆ ನಾಟಕಕ್ಕೆ ಹೋದಾಗ ಮುಂದಿನ ಕುರ್ಚಿ ಬಿಟ್ಟು ಪೆಟ್ಟಿಗೆಯ ಮಗ್ಗುಲಲ್ಲಿ ಕೂತುಕೊಳ್ಳಿ. ಮಾರನೆಯ ದಿನ ಅವರಿಗೊಂದು ಒಳ್ಳೆಯ ಊಟ ಹಾಕಿ, ಗದ್ದಲವಿಲ್ಲದ ಒಂದು ಕೋಣೆಯಲ್ಲಿ ಕೂರಿಸಿ, ತಬಲದವರನ್ನೂ ಕರೆದು, ಬರೀ ಪೆಟ್ಟಿಗೆಯನ್ನೇ ನುಡಿಸಲು ಕೇಳಿ. ಫೋನಿನಲ್ಲೇ ಹಿಡಿದರೂ ಆದೀತು. ಒಂದು ದಿನ ಸಾಕು. ಮುಗಿದ ಮೇಲೆ ನುಡಿಸಿದವರ ಹೆಸರು, ಊರು, ತಾರೀಖು ಮೂರನ್ನೂ ತಪ್ಪದೆ ಬರೆದಿಡಿ.